ಬಿಸಿಯಾದ ಮೇಲೆ ಮಿನುಗುವ ಆಯಿಲ್ ದೀಪ: ಒಂದು ಮಾರಿಸ್ ಮೈನರ್ ಪ್ರಕರಣ

ಹಳೆಯ ಕಾರಿನ ಆಯಿಲ್ ಪ್ರೆಶರ್ ಬಿದ್ದಿದೆ ಎಂದರೆ ಹೆಚ್ಚಿನ ಗ್ಯಾರೇಜುಗಳಲ್ಲಿ ಬರುವ ಮೊದಲ ಮಾತು ಒಂದೇ: "ಎಂಜಿನ್ ಇಳಿಸಬೇಕು ಸಾರ್." ಎಷ್ಟೋ ಸಲ ಅದು ನಿಜವೂ ಆಗಿರುತ್ತದೆ. ಆದರೆ ಎಂಜಿನ್ ಇಳಿಸುವ ಮೊದಲು ಗೇಜ್ ಹಾಕಿ ಕೇಳಬೇಕಾದ ಪ್ರಶ್ನೆಗಳು ಕೆಲವಿವೆ. ಆ ಪ್ರಶ್ನೆಗಳನ್ನು ಒಂದೊಂದಾಗಿ ಕೇಳುತ್ತಾ ಹೋದರೆ ಏನಾಗುತ್ತದೆ ಅನ್ನುವುದಕ್ಕೆ ಈ ಕಾರು ಒಳ್ಳೆಯ ಉದಾಹರಣೆ. ಮಾಲೀಕರ ಹೆಸರು, ಗಾಡಿ ನಂಬರ್, ಹಿಂದೆ ಕೆಲಸ ಮಾಡಿದ ಗ್ಯಾರೇಜುಗಳ ಹೆಸರು ಯಾವುದನ್ನೂ ಇಲ್ಲಿ ಹೇಳುವುದಿಲ್ಲ.

ಕಾರು, ಅದರ ಹಿನ್ನೆಲೆ

ಕಾರು 1950ರ ದಶಕದ ಕೊನೆಯ ಮಾರಿಸ್ ಮೈನರ್ 1000. ಮೈನರ್ ಕಾರನ್ನು ರೂಪಿಸಿದವರು ಅಲೆಕ್ ಇಸಿಗೋನಿಸ್. ಅದು ಮೊದಲು ಬಂದದ್ದು 1948ರಲ್ಲಿ. 1956ರಲ್ಲಿ 948 ಸಿಸಿಯ ಎ-ಸೀರೀಸ್ ಎಂಜಿನ್ ಸಿಕ್ಕ ಮೇಲೆ ಹೆಸರಿನ ಪಕ್ಕ 1000 ಸೇರಿತು. ನಾಲ್ಕು ಸಿಲಿಂಡರ್, ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್ ಶಾಫ್ಟನ್ನು ಹೊರಲು ಮೂರೇ ಮೇನ್ ಬೇರಿಂಗ್, 37 ಹಾರ್ಸ್‌ಪವರ್. ಇದೇ ವಂಶದ ಎಂಜಿನ್ ಮುಂದೆ ಮಿನಿ ಕಾರಿಗೂ ಹೋಯಿತು. ನಮ್ಮ ಅಂಬಾಸಡರ್‌ನಲ್ಲಿದ್ದ 1489 ಸಿಸಿಯ ಬಿ-ಸೀರೀಸ್ ಎಂಜಿನ್ ಇದರ ಅಣ್ಣ ಇದ್ದ ಹಾಗೆ. ಅಂಬಾಸಡರ್ ಬಿಚ್ಚಿ ಕಟ್ಟಿದ ಕೈಗೆ ಮೈನರ್ ಅಷ್ಟೇನೂ ಹೊಸದಲ್ಲ.

ಮಾಲೀಕರು ಮೈಸೂರು ಕಡೆಯ ನಿವೃತ್ತರು. ಕಾರು ಅವರ ತಂದೆಯ ಕಾಲದ್ದು. ಬಹಳ ವರ್ಷ ಅದು ಊರೊಳಗೇ ಓಡಾಡಿಕೊಂಡಿತ್ತು. ಮಗಳು ಬೆಂಗಳೂರಿನಲ್ಲಿ ಮನೆ ಮಾಡಿದ ಮೇಲೆ ಅವರು ಆಗಾಗ ಕಾರನ್ನು ಹೆದ್ದಾರಿಗೆ ತರತೊಡಗಿದರು. ತೊಂದರೆ ಕಾಣಿಸಿಕೊಂಡಿದ್ದು ಆಗ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಒಂದೇ ಸಮನೆ ಬಂದು ಟೋಲ್ ಸಾಲಿನಲ್ಲಿ ನಿಂತರೆ ಡ್ಯಾಶ್‌ಬೋರ್ಡಿನ ಆಯಿಲ್ ದೀಪ ಮಿಣುಕ್ ಮಿಣುಕ್ ಅನ್ನುತ್ತಿತ್ತು. ಸ್ವಲ್ಪ ರೇಸ್ ಕೊಟ್ಟರೆ ಆರುತ್ತಿತ್ತು. ಬೆಳಿಗ್ಗೆ ತಣ್ಣಗಿದ್ದಾಗ ಏನೂ ಇಲ್ಲ.

ಈ ಕಾರಿನ ಮಾಮೂಲಿ ಟಾಪ್ ಗೇರಿನಲ್ಲಿ 80 ಕಿ.ಮೀ. ಅಂದರೆ ಎಂಜಿನ್ ನಿಮಿಷಕ್ಕೆ ಸುಮಾರು 3,300 ಸುತ್ತು ತಿರುಗುತ್ತಿರುತ್ತದೆ. ಇವತ್ತಿನ ಕಾರುಗಳಿಗೆ 80 ಏನೇನೂ ಅಲ್ಲ. ಮೈನರ್‌ಗೆ ಅದು ನಿಜವಾದ ದುಡಿಮೆ. ಊರೊಳಗೆ ಓಡುವಾಗ ಇಂಥ ಹೊರೆ ಎಂಜಿನ್‌ಗೆ ಬಿದ್ದೇ ಇರಲಿಲ್ಲ. ಹಾಗಾಗಿ ದೋಷ ಹೆದ್ದಾರಿಯಲ್ಲಿ ಹುಟ್ಟಿತು ಅನ್ನುವುದಕ್ಕಿಂತ ಅಲ್ಲಿ ಬಯಲಾಯಿತು ಅನ್ನಬೇಕು.

ಕಾರು ನಮ್ಮ ಬಳಿ ಬರುವ ಹೊತ್ತಿಗೆ ಎರಡು ಕಡೆ ತೋರಿಸಿ ಆಗಿತ್ತು. ಒಂದು ಕಡೆ ದೀಪದ ಸ್ವಿಚ್ ಬದಲಿಸಿದ್ದರು. ಫಲ ಇಲ್ಲ. ಇನ್ನೊಂದು ಕಡೆ "ಹಾಫ್ ಎಂಜಿನ್ ಮಾಡಿಸಲೇಬೇಕು, ಕ್ರ್ಯಾಂಕ್ ಗ್ರೈಂಡಿಂಗ್ ಕೊಡಬೇಕು" ಎಂದಿದ್ದರು. ಅಂದರೆ ಎಂಜಿನ್ ಬಿಚ್ಚಿ ಕ್ರ್ಯಾಂಕ್ ಶಾಫ್ಟನ್ನು ಕಲ್ಲಿಗೆ ಕೊಟ್ಟು ಉಜ್ಜಿಸಬೇಕು. ಮಾಲೀಕರು ಹಳೆಯ ಬಿಲ್ಲುಗಳನ್ನೆಲ್ಲ ಫೈಲ್ ಮಾಡಿ ಇಟ್ಟಿದ್ದರು. ಅದರಲ್ಲಿ ಎರಡು ಮುಖ್ಯ. ಮೊದಲನೆಯದು, ಕೆಲವು ವರ್ಷದ ಹಿಂದೆ ಚೇಂಬರಿನಿಂದ (ಎಂಜಿನ್ ತಳದಲ್ಲಿರುವ ಎಣ್ಣೆ ತೊಟ್ಟಿಯಿಂದ) ಎಣ್ಣೆ ಸೋರುತ್ತಿದೆ ಎಂದು ಚೇಂಬರ್ ಇಳಿಸಿ ಹೊಸ ಪ್ಯಾಕಿಂಗ್ ಹಾಕಿಸಿದ್ದು. ಎರಡನೆಯದು, ಇತ್ತೀಚೆಗೆ ಮಾಡಿಸಿದ ಆಯಿಲ್ ಚೇಂಜ್. ಹಾಕಿದ್ದು ಹೊಸ ಕಾಲದ ಕಾರುಗಳಿಗೆ ಬರುವ 5ಡಬ್ಲ್ಯೂ-30 ಸಿಂಥೆಟಿಕ್. ದುಬಾರಿ ಎಣ್ಣೆ ಒಳ್ಳೆಯದೇ ಇರಬೇಕು ಎಂದು ಪ್ರೀತಿಯಿಂದ ಹಾಕಿಸಿದ್ದರು.

ಕಾರು ನೋಡುವ ಮೊದಲು ಬಿಲ್ಲು ನೋಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಈ ಪ್ರಕರಣದಲ್ಲಿ ಅರ್ಧ ಉತ್ತರ ಆ ಫೈಲಿನಲ್ಲೇ ಇತ್ತು.

ಪ್ರೆಶರ್ ಎಲ್ಲಿಂದ ಬರುತ್ತದೆ

ಮುಂದಿನ ನಿರ್ಧಾರಗಳು ಅರ್ಥವಾಗಬೇಕಾದರೆ ಇದೊಂದು ಸ್ಪಷ್ಟವಾಗಬೇಕು. ಆಯಿಲ್ ಪಂಪ್ ಪ್ರೆಶರ್ ಹುಟ್ಟಿಸುವುದಿಲ್ಲ, ಎಣ್ಣೆಯನ್ನು ತಳ್ಳುತ್ತದೆ, ಅಷ್ಟೇ. ಆ ಎಣ್ಣೆ ಬೇರಿಂಗುಗಳ ಸಣ್ಣ ಸಂದಿಯಲ್ಲಿ ತೂರಿಕೊಂಡು ಹೋಗಲು ಕಷ್ಟಪಡುತ್ತದೆ. ಆ ತಡೆಯೇ ಗೇಜಿನಲ್ಲಿ ಪ್ರೆಶರ್ ಆಗಿ ಕಾಣುತ್ತದೆ. ತೋಟಕ್ಕೆ ನೀರು ಬಿಡುವ ಪೈಪಿನ ಬಾಯಿಗೆ ಹೆಬ್ಬೆರಳು ಅಡ್ಡ ಹಿಡಿದರೆ ನೀರು ಚಿಮ್ಮುವುದು ಹೀಗೇ. ಬೆರಳು ಸಡಿಲಿಸಿದರೆ ರಭಸ ಹೋಯಿತು, ಮೋಟಾರ್ ಅದೇ ಇದ್ದರೂ.

ಆದ್ದರಿಂದ ಪ್ರೆಶರ್ ಬೀಳಲು ಕಾರಣ ನಾಲ್ಕು ಕಡೆ ಇರಬಹುದು. ಎಣ್ಣೆಯೇ ತೆಳ್ಳಗಾಗಿರಬಹುದು. ಬೇರಿಂಗ್ ಸವೆದು ಸಂದಿ ದೊಡ್ಡದಾಗಿರಬಹುದು. ಮಧ್ಯದಲ್ಲಿ ರಿಲೀಫ್ ವಾಲ್ವ್ ಸೋರಿ ಎಣ್ಣೆಯನ್ನು ವಾಪಸ್ ಚೇಂಬರಿಗೆ ಬಿಡುತ್ತಿರಬಹುದು. ಇಲ್ಲವೇ ಪಂಪಿಗೆ ಸಾಕಷ್ಟು ಎಣ್ಣೆ ಸಿಗದಿರಬಹುದು, ಅಥವಾ ಪಂಪೇ ಸವೆದಿರಬಹುದು.

ಈ ಎಂಜಿನ್‌ನಲ್ಲಿ ಬಿಸಿಯಾಗಿ ಓಡುವಾಗ ಪ್ರೆಶರ್ ಸುಮಾರು 60 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಇರಬೇಕು. ಬಿಸಿ ಐಡ್ಲಿಂಗ್‌ನಲ್ಲಿ 15ಕ್ಕಿಂತ ಕೆಳಗೆ ಹೋಗಬಾರದು. ಪ್ರತಿ 1,000 ಸುತ್ತಿಗೆ 10 ಪಿಎಸ್‌ಐ ಇದ್ದರೆ ಜೀವಕ್ಕೆ ಅಪಾಯ ಇಲ್ಲ ಅನ್ನುವ ಹಳೆಯ ಲೆಕ್ಕವೂ ಒಂದಿದೆ. ಅದು ಒರಟು ಲೆಕ್ಕ, ಆದರೆ ರಸ್ತೆ ಬದಿಯಲ್ಲಿ ನಿಂತು ತೀರ್ಮಾನ ಮಾಡಲು ಸಾಕಾಗುತ್ತದೆ. ಡ್ಯಾಶ್‌ಬೋರ್ಡಿನ ದೀಪ ಹೊತ್ತಿಕೊಳ್ಳುವುದು ಸಾಮಾನ್ಯವಾಗಿ ಪ್ರೆಶರ್ 10ಕ್ಕಿಂತಲೂ ಕೆಳಗೆ ಇಳಿದ ಮೇಲೆ. ಅಂದರೆ ದೀಪ ಆರಿದೆ ಎಂದ ಮಾತ್ರಕ್ಕೆ ಎಲ್ಲ ಸರಿ ಇದೆ ಎಂದಲ್ಲ. 3,300 ಸುತ್ತಿನಲ್ಲಿ 15 ಪಿಎಸ್‌ಐ ಇದ್ದರೂ ದೀಪ ಆರಿಯೇ ಇರುತ್ತದೆ, ಬೇರಿಂಗ್ ಮಾತ್ರ ಸಾಯುತ್ತಿರುತ್ತದೆ.

ಮೊದಲು ಗೇಜ್

ಸ್ವಿಚ್ ಬಿಚ್ಚಿ ಆ ಜಾಗಕ್ಕೆ ಮೆಕ್ಯಾನಿಕಲ್ ಗೇಜ್ ಹಾಕಿದೆವು. ಇನ್ನೊಂದು ಗೇಜಿನ ಜೊತೆ ಹೋಲಿಸಿ ಅದು ಸರಿಯಾಗಿ ತೋರಿಸುತ್ತಿದೆ ಎಂದು ಖಚಿತ ಮಾಡಿಕೊಂಡೆವು. ತಣ್ಣಗೆ ಸ್ಟಾರ್ಟ್ ಮಾಡಿದಾಗ 48. ಚೆನ್ನಾಗಿ ಓಡಿಸಿ ತಂದು ಬಾನೆಟ್ ಎತ್ತಿ ನೋಡಿದರೆ ಬಿಸಿ ಐಡ್ಲಿಂಗ್‌ನಲ್ಲಿ 5. 2,000 ಸುತ್ತಿಗೆ 26. ದೀಪ ಸುಳ್ಳು ಹೇಳುತ್ತಿರಲಿಲ್ಲ.

ಎಂಜಿನ್ ಸದ್ದು ಕೇಳಿದೆವು. ಬಿಗ್ ಎಂಡ್ (ಕನೆಕ್ಟಿಂಗ್ ರಾಡ್ ಕ್ರ್ಯಾಂಕಿಗೆ ಸೇರುವ ಕಡೆಯ ಬೇರಿಂಗ್) ಕುಟ್ಟುವ ಸದ್ದು ಇಲ್ಲ. ಸ್ಟಾರ್ಟ್ ಮಾಡಿದ ತಕ್ಷಣ ಮೇನ್ ಬೇರಿಂಗಿನ ಗುಡುಗು ಇಲ್ಲ. ಡಿಪ್‌ಸ್ಟಿಕ್‌ನಲ್ಲಿ ಮಟ್ಟ ಸರಿ ಇತ್ತು. ಎಣ್ಣೆಯಲ್ಲಿ ನೀರು ಬೆರೆತ ಬಿಳಿ ಬಣ್ಣ ಇಲ್ಲ, ಪೆಟ್ರೋಲ್ ವಾಸನೆ ಇಲ್ಲ. ಪೆಟ್ರೋಲ್ ವಾಸನೆ ನೋಡುವುದನ್ನು ಯಾವ ಹಳೆಯ ಕಾರಿನಲ್ಲೂ ಮರೆಯಬೇಡಿ. ಪದ್ಮಿನಿಯಂಥ ಕಾರಿನಲ್ಲಿ ಮೆಕ್ಯಾನಿಕಲ್ ಫ್ಯುಯೆಲ್ ಪಂಪಿನ ಡಯಾಫ್ರಮ್ ಹರಿದರೆ ಪೆಟ್ರೋಲ್ ಸೀದಾ ಚೇಂಬರಿಗೆ ಇಳಿದು ಎಣ್ಣೆಯನ್ನು ನೀರು ಮಾಡಿಬಿಡುತ್ತದೆ. ಮೈನರ್‌ನಲ್ಲಿ ಇರುವುದು ಎಂಜಿನ್‌ನಿಂದ ದೂರ ಕೂತ ಎಲೆಕ್ಟ್ರಿಕ್ ಪಂಪ್, ಹಾಗಾಗಿ ಆ ಭಯ ಕಡಿಮೆ.

ಎಣ್ಣೆ, ಫಿಲ್ಟರ್

ಮೊದಲ ನಿರ್ಧಾರ ಸುಲಭದ್ದು. ಎಣ್ಣೆ ಇಳಿಸಿ 20ಡಬ್ಲ್ಯೂ-50 ಮಿನರಲ್ ಎಣ್ಣೆ ಹಾಕುವುದು. ಈ ಎಂಜಿನ್‌ಗೆ ಫಿಲ್ಟರ್ ಸೇರಿ ಸುಮಾರು 3.7 ಲೀಟರ್ ಬೇಕು. ಹಳೆಯ ಎಂಜಿನ್‌ನ ಸಂದಿಗಳಿಗೆ 5ಡಬ್ಲ್ಯೂ-30 ತೀರಾ ತೆಳ್ಳಗೆ. ಇನ್ನೊಂದು ವಿಷಯವೂ ಇದೆ. ಇದರ ಟ್ಯಾಪೆಟ್‌ಗಳು ಕ್ಯಾಮ್ ಮೇಲೆ ಜಾರುವ ಜಾತಿಯವು, ಅಲ್ಲಿಗೆ ಸತು ಇರುವ ಸೇರ್ಪಡೆ ಬೇಕು. ಹೊಸ ಕಾರುಗಳ ಎಣ್ಣೆಯಲ್ಲಿ ಅದನ್ನು ಕಡಿಮೆ ಮಾಡಿರುತ್ತಾರೆ. ಹಳೆಯ ಕಾರುಗಳಿಗಾಗಿಯೇ ಬರುವ ಎಣ್ಣೆಯಲ್ಲಿ ಅದು ಇರುತ್ತದೆ.

ಫಿಲ್ಟರ್ ಬಿಚ್ಚಿದಾಗ ಮೊದಲ ನಿಜವಾದ ಸುಳಿವು ಸಿಕ್ಕಿತು. ಮೈನರ್‌ನ ಫಿಲ್ಟರ್ ಈಗಿನ ತಿರುಗಿಸಿ ಬಿಗಿಯುವ ಡಬ್ಬದಂಥದ್ದಲ್ಲ. ಒಂದು ಲೋಹದ ಬಟ್ಟಲು, ಒಳಗೆ ಎಣ್ಣೆ ಸೋಸುವ ಎಲಿಮೆಂಟ್, ಮಧ್ಯದಲ್ಲಿ ಉದ್ದದ ಬೋಲ್ಟ್. ಎಲಿಮೆಂಟ್ ಕೆಳಗೆ ಒಂದು ತಟ್ಟೆ, ಅದರ ಕೆಳಗೆ ಬೋಲ್ಟಿಗೆ ಬಿಗಿಯಾಗಿ ಕೂರುವ ಫೆಲ್ಟ್ ಅಥವಾ ರಬ್ಬರ್ ವಾಷರ್, ಮತ್ತೆ ಸ್ಪ್ರಿಂಗ್. ಈ ಕಾರಿನಲ್ಲಿ ಆ ಫೆಲ್ಟ್ ವಾಷರ್ ಇರಲೇ ಇಲ್ಲ. ಯಾವಾಗಲೋ ಹಳೆಯ ಎಲಿಮೆಂಟ್ ಜೊತೆ ಕಸಕ್ಕೆ ಹೋಗಿರಬೇಕು.

ನೋಡಲು ಚಿಕ್ಕ ವಾಷರ್. ಆದರೆ ಅದು ಇಲ್ಲದಿದ್ದರೆ ಕೊಳೆ ಎಣ್ಣೆ ಎಲಿಮೆಂಟ್ ದಾಟದೆ ಬೋಲ್ಟಿನ ಪಕ್ಕದಿಂದ ನುಸುಳಿ ಬೇರಿಂಗಿಗೆ ಹೋಗುತ್ತದೆ. ಎಷ್ಟು ಸಲ ಫಿಲ್ಟರ್ ಬದಲಿಸಿದರೂ ಅಷ್ಟೇ. ಪ್ರೆಶರ್ ಬಿದ್ದದ್ದಕ್ಕೆ ಇದು ನೇರ ಕಾರಣ ಅಲ್ಲ. ಆದರೆ ಮುಂದೆ ನೋಡಿದ ಪ್ರತಿ ಗೀರಿನ ಹಿಂದೆಯೂ ಈ ವಾಷರ್ ಇತ್ತು. ಮೇಲಿನ ತೋಡಿನಲ್ಲಿ ಕೂರುವ ರಬ್ಬರ್ ರಿಂಗ್ ಬದಲಿಸುವಾಗಲೂ ಗಮನ ಬೇಕು. ಹಳೆಯದು ಗಟ್ಟಿಯಾಗಿ ತೋಡಿನ ತಳದಂತೆಯೇ ಕಾಣುತ್ತದೆ. ಅದನ್ನು ಪಿನ್ನಿನಿಂದ ಎಬ್ಬಿಸಿ ತೆಗೆಯದೆ ಅದರ ಮೇಲೇ ಹೊಸದನ್ನು ಕೂರಿಸಿದರೆ ದಾರಿಯಲ್ಲಿ ಎಣ್ಣೆಯೆಲ್ಲ ಹೊರಗೆ.

ಹೊಸ ಎಣ್ಣೆ, ಸರಿಯಾದ ವಾಷರುಗಳ ಜೊತೆ ಹೊಸ ಎಲಿಮೆಂಟ್. ಬಿಸಿ ಐಡ್ಲಿಂಗ್ 9, 2,000 ಸುತ್ತಿಗೆ 33. ದೀಪ ಮಿನುಗುವುದು ನಿಂತಿತು. ಬಹಳ ಜನ ಇಲ್ಲಿಗೆ ಕೆಲಸ ಮುಗಿಯಿತು ಅನ್ನುತ್ತಾರೆ. ಮಾಲೀಕರಿಗೂ ಖುಷಿಯಾಗಿತ್ತು. ನಮಗೆ 9 ಅನ್ನುವ ಅಂಕಿ ಒಪ್ಪಿಗೆ ಆಗಲಿಲ್ಲ. ದಪ್ಪ ಎಣ್ಣೆ ಹಾಕಿ ದೀಪ ಆರಿಸಿದ ಮಾತ್ರಕ್ಕೆ ಒಳಗಿನ ಕಾರಣ ಹೋಗಿರುವುದಿಲ್ಲ ಅಲ್ವಾ?

ರಿಲೀಫ್ ವಾಲ್ವ್

ಬ್ಲಾಕಿನ ಹಿಂದಿನ ತುದಿಯ ಹತ್ತಿರ ಗುಮ್ಮಟದಂಥ ತಲೆಯ ಒಂದು ನಟ್ ಇದೆ. ಅದರ ಹಿಂದೆ ಸ್ಪ್ರಿಂಗ್, ಸ್ಪ್ರಿಂಗಿನ ತುದಿಗೆ ಬಟ್ಟಲಿನಂಥ ಪ್ಲಂಜರ್. ಪ್ರೆಶರ್ 60ರ ಹತ್ತಿರ ಹೋದಾಗ ಇದು ತೆರೆದು ಹೆಚ್ಚಿನ ಎಣ್ಣೆಯನ್ನು ಚೇಂಬರಿಗೆ ಬಿಡಬೇಕು. ಬಿಚ್ಚಲು ಸ್ಪ್ಯಾನರ್ ಒಂದೇ ಸಾಕು. ಇಷ್ಟು ಸುಲಭದ ಜಾಗವನ್ನು ನೋಡದೆ ಎಂಜಿನ್ ಇಳಿಸುವ ಮಾತು ಆಡಬಾರದು.

ನಟ್ ಬಿಚ್ಚಿದರೆ ಸ್ಪ್ರಿಂಗಿನ ಹಿಂದೆ ಯಾರೋ ದಪ್ಪದೊಂದು ವಾಷರ್ ತುರುಕಿದ್ದರು. ಹಳೆಯ ಉಪಾಯ. ಸ್ಪ್ರಿಂಗ್ ಬಿಗಿಯಾದರೆ ಪ್ರೆಶರ್ ಏರುತ್ತದೆ ಎಂಬ ನಂಬಿಕೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ವಾಲ್ವ್ ತೆರೆಯಬೇಕಾದದ್ದು 60ರಲ್ಲಿ. ಬಿಸಿ ಐಡ್ಲಿಂಗ್‌ನಲ್ಲಿ ಪ್ರೆಶರ್ 9 ಇದ್ದಾಗ ಅದು ಹೇಗೂ ಮುಚ್ಚಿಯೇ ಇರಬೇಕು. ಮುಚ್ಚಿರುವ ಬಾಗಿಲನ್ನು ಇನ್ನೂ ಗಟ್ಟಿಯಾಗಿ ಒತ್ತಿದರೆ 9 ಹೋಗಿ 15 ಆಗುವುದಿಲ್ಲ. ತಣ್ಣಗೆ ಸ್ಟಾರ್ಟ್ ಮಾಡಿದಾಗ ಮಾತ್ರ ಪ್ರೆಶರ್ ಮಿತಿ ಮೀರಿ ಏರಿ, ಪಂಪ್ ಮತ್ತು ಅದನ್ನು ತಿರುಗಿಸುವ ಕ್ಯಾಮ್‌ಶಾಫ್ಟ್ ಮೇಲೆ ಸುಮ್ನೆ ಹೊರೆ ಬೀಳುತ್ತದೆ.

ವಾಲ್ವ್ ಕಾರಣ ಆಗುವುದು ಅದು ಮುಚ್ಚಿದಾಗಲೂ ಸೋರುತ್ತಿದ್ದರೆ ಮಾತ್ರ. ಈ ಕಾರಿನಲ್ಲಿ ಅದೂ ಇತ್ತು. ಪ್ಲಂಜರ್ ಮುಖಕ್ಕೆ ನೀಲಿ ಬಣ್ಣ ಹಚ್ಚಿ ಸೀಟಿಗೆ ಒತ್ತಿ ನೋಡಿದಾಗ ಗುರುತು ಸುತ್ತಲೂ ಬೀಳಲಿಲ್ಲ, ಒಂದು ಬದಿ ಖಾಲಿ. ಪ್ಲಂಜರ್ ಮೇಲೆ ಉದ್ದುದ್ದ ಗೀರು. ಫಿಲ್ಟರ್ ತಪ್ಪಿಸಿಕೊಂಡು ತಿರುಗಾಡಿದ ಕೊಳೆಯ ಕೆಲಸ. ಸ್ಪ್ರಿಂಗ್ ಅಳತೆ 72ರಿಂದ 73 ಮಿ.ಮೀ. ಇರಬೇಕಾದ ಕಡೆ 69 ಇತ್ತು. ಹೊಸ ಪ್ಲಂಜರ್, ಹೊಸ ಸ್ಪ್ರಿಂಗ್ ತರಿಸಿದೆವು. ಸೀಟಿಗೆ ತೆಳುವಾಗಿ ಪೇಸ್ಟ್ ಹಚ್ಚಿ ಉಜ್ಜಿ, ಗುರುತು ಪೂರ್ತಿ ಸುತ್ತು ಬರುವ ತನಕ ಕೂರಿಸಿದೆವು. ಪೇಸ್ಟಿನ ಒಂದು ಕಣವೂ ಒಳಗೆ ಉಳಿಯದಂತೆ ತೊಳೆದೆವು. ತುರುಕಿದ್ದ ವಾಷರ್ ಹೊರಗೆ ಹೋಯಿತು.

ಬಿಸಿ ಐಡ್ಲಿಂಗ್ 12. 2,000 ಸುತ್ತಿಗೆ 40.

ಮುಳ್ಳು ಕೆಳಗಿಳಿದ ಕ್ಷಣ

ಈಗ ಉಳಿದದ್ದು ಬೇರಿಂಗ್ ಅಥವಾ ಪಂಪ್ ಅನ್ನುವುದು ಎಲ್ಲರ ಅಭಿಪ್ರಾಯವಾಗಿತ್ತು. ನಮ್ಮಲ್ಲಿ ಬಹಳ ವರ್ಷ ಕೆಲಸ ಮಾಡಿದ ಹಿರಿಯ ಮೆಕ್ಯಾನಿಕ್ ಕೂಡ ಪಂಪ್ ಸವೆದಿದೆ ಅಂದರು. ಎ-ಸೀರೀಸ್‌ನಲ್ಲಿ ಪಂಪ್ ಕೂತಿರುವುದು ಎಂಜಿನ್‌ನ ಹಿಂಬದಿಯಲ್ಲಿ, ಕ್ಯಾಮ್‌ಶಾಫ್ಟ್ ತುದಿಗೆ. ಅದನ್ನು ಮುಟ್ಟಬೇಕಾದರೆ ಕ್ಲಚ್, ಫ್ಲೈವೀಲ್, ಹಿಂದಿನ ಪ್ಲೇಟ್ ಎಲ್ಲ ಬರಬೇಕು. ಅಂದರೆ ಸಾಮಾನ್ಯವಾಗಿ ಎಂಜಿನ್ ಕೆಳಗೆ ಬರಬೇಕು. ಚೇಂಬರನ್ನು ಮಾತ್ರ ಎಂಜಿನ್ ಜಾಗದಲ್ಲೇ ಇದ್ದಂತೆ ಇಳಿಸಬಹುದು. ಹಾಗಾದರೆ ಯಾವುದು ಮೊದಲು? ಎಂಜಿನ್ ಇಳಿಸಿದರೆ ಎಲ್ಲವೂ ಒಂದೇ ಸಲ ಕಾಣುತ್ತದೆ. ಆದರೆ ಇಳಿಸಿದ ಮೇಲೆ "ಹೇಗೂ ಇಳಿಸಿದ್ದೀವಲ್ಲ" ಎಂದು ರೀಬೋರ್, ಗ್ರೈಂಡಿಂಗ್, ಎಲ್ಲ ಸೇರಿ ಖರ್ಚು ಬೆಳೆಯುತ್ತದೆ. ಹೊಗೆ ಬಿಡದ, ಕಂಪ್ರೆಶನ್ ಸರಿ ಇರುವ ಎಂಜಿನ್‌ಗೆ ಅದು ಬೇಕಿರಲಿಲ್ಲ.

ತೀರ್ಮಾನಕ್ಕೆ ಮೊದಲು ಇನ್ನೊಂದು ಅಳತೆ ಬಾಕಿ ಇತ್ತು. ಇಲ್ಲಿಯ ತನಕ ನೋಡಿದ್ದೆಲ್ಲ ನಿಂತ ಗಾಡಿಯಲ್ಲಿ. ತೊಂದರೆ ಶುರುವಾಗಿದ್ದು ಹೆದ್ದಾರಿಯಲ್ಲಿ. ಗೇಜಿನ ಹೋಸನ್ನು ಕ್ಯಾಬಿನ್ ಒಳಗೆ ತಂದು ರಸ್ತೆಯಲ್ಲಿ ನೋಡಲು ಹೊರಟೆವು. ಇದನ್ನು ಮಾಡುವವರು ಬಿಸಿ ಎಣ್ಣೆಯ ಪ್ರೆಶರ್ ತಡೆಯುವ ಹೋಸನ್ನೇ ಬಳಸಬೇಕು, ಸೈಲೆನ್ಸರ್ ಪೈಪಿನಿಂದ ದೂರ ಕಟ್ಟಬೇಕು. ಒಡೆದರೆ ಬೆಂಕಿ.

2,000 ಸುತ್ತಿನ ತನಕ ಮುಳ್ಳು 40ಕ್ಕೆ ಏರಿತು. 80 ಕಿ.ಮೀ. ಹಿಡಿದು ಒಂದೇ ಸಮನೆ ಓಡಿಸಿದಾಗ ಅದು ಇನ್ನೂ ಏರಬೇಕಿತ್ತು. ಏರಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ನಡುಗತೊಡಗಿತು, ನಿಧಾನಕ್ಕೆ 30ಕ್ಕೆ ಇಳಿಯಿತು. ಆಕ್ಸಿಲರೇಟರ್ ಬಿಟ್ಟು ವೇಗ ಇಳಿಸಿದರೆ ಮತ್ತೆ 36ಕ್ಕೆ ಬಂತು.

ಇಡೀ ಪ್ರಕರಣ ತಿರುಗಿದ್ದು ಇಲ್ಲಿ. ಬೇರಿಂಗ್ ಸವೆದ ಎಂಜಿನ್‌ನಲ್ಲಿ ಪ್ರೆಶರ್ ಕಡಿಮೆ ಇರುತ್ತದೆ, ಆದರೆ ಸುತ್ತು ಏರಿದ ಹಾಗೆ ಅದೂ ಏರುತ್ತದೆ. ಪಂಪ್ ಸವೆದಿದ್ದರೂ ಹಾಗೇ. ರಿಲೀಫ್ ವಾಲ್ವ್ ತೆರೆದು ಸಿಕ್ಕಿಕೊಂಡಿದ್ದರೆ ತಣ್ಣಗಿದ್ದಾಗಲೂ ಪ್ರೆಶರ್ ಬರುವುದಿಲ್ಲ. ಸುತ್ತು ಏರಿದಾಗ ಪ್ರೆಶರ್ ಇಳಿದು ಮುಳ್ಳು ನಡುಗುತ್ತದೆ ಎಂದರೆ ಪಂಪ್ ಕೇಳಿದಷ್ಟು ಎಣ್ಣೆ ಅದಕ್ಕೆ ಸಿಗುತ್ತಿಲ್ಲ, ಜೊತೆಗೆ ಗಾಳಿ ಹೋಗುತ್ತಿದೆ ಎಂದು ಅರ್ಥ. ಇದಕ್ಕೆ ಕಾರಣ ಕೆಲವೇ. ಎಣ್ಣೆ ಮಟ್ಟ ಕಡಿಮೆ ಇರಬೇಕು. ಇಲ್ಲವೇ ಮಟ್ಟ ಜಾಸ್ತಿಯಾಗಿ ಕ್ರ್ಯಾಂಕ್ ಅದನ್ನು ಕಡೆದು ನೊರೆ ಮಾಡಿರಬೇಕು. ಹೀರುವ ಪೈಪಿನ ಜೋಡಣೆಯಲ್ಲಿ ಗಾಳಿ ಎಳೆಯುತ್ತಿರಬೇಕು. ಅಥವಾ ಸ್ಟ್ರೈನರ್ ಕಟ್ಟಿರಬೇಕು. ಮಟ್ಟ ಸರಿ ಇದೆ ಎಂದು ಗೊತ್ತಿತ್ತು. ಉಳಿದ ಎರಡೂ ಚೇಂಬರಿನ ಒಳಗೆ.

ಆಗ ಮಾಲೀಕರ ಫೈಲಿನ ಹಳೆಯ ಬಿಲ್ಲು ನೆನಪಾಯಿತು. ಚೇಂಬರ್ ಸೋರಿಕೆಗೆ ಪ್ಯಾಕಿಂಗ್. "ಆಮೇಲೆ ಒಂದು ಹನಿ ಸೋರಿಲ್ಲ ನೋಡಪ್ಪ" ಎಂದು ಅವರು ನನಗೆ ಹೆಮ್ಮೆಯಿಂದ ಹೇಳಿದ್ದರು. ಎ-ಸೀರೀಸ್ ಚೇಂಬರ್ ಒಂದು ಹನಿಯೂ ಸೋರುವುದಿಲ್ಲ ಎಂದರೆ ಏನು ಹಚ್ಚಿದ್ದಾರೆ ಎಂದು ಕೇಳಲೇಬೇಕು. ಅದರ ಪ್ಯಾಕಿಂಗ್ ಎರಡು ಬದಿಗೆ ಎರಡು ತುಂಡು, ಮುಂದೆ ಹಿಂದೆ ಮೇನ್ ಕ್ಯಾಪ್ ಕೆಳಗೆ ಕಾರ್ಕಿನ ಎರಡು ಪಟ್ಟಿ. ಈ ಕಾರ್ಕ್ ಕೂರಿಸುವುದು ತಾಳ್ಮೆಯ ಕೆಲಸ. ತಾಳ್ಮೆ ಇಲ್ಲದವರು ಸಿಲಿಕೋನ್ ಪೇಸ್ಟಿನ ಟ್ಯೂಬ್ ಹಿಂಡುತ್ತಾರೆ.

ಎಂಜಿನ್ ಇಳಿಸುವುದು ಬೇಡ, ಚೇಂಬರ್ ಇಳಿಸೋಣ ಎಂದು ತೀರ್ಮಾನಿಸಿದೆವು.

ಚೇಂಬರಿನ ಒಳಗೆ

ಸ್ಟ್ರೈನರ್ ಅಂದರೆ ತಂತಿ ಜಾಲರಿಯ ಒಂದು ದುಂಡನೆ ಭಾಗ. ಪಂಪ್ ಎಣ್ಣೆ ಹೀರುವುದು ಅದರ ಮೂಲಕ. ಅದರ ಅರ್ಧಕ್ಕೂ ಹೆಚ್ಚು ಭಾಗಕ್ಕೆ ಸಿಲಿಕೋನ್ ಚೂರುಗಳು ಅಂಟಿಕೊಂಡಿದ್ದವು. ಮಧ್ಯೆ ಮಧ್ಯೆ ಕಾರ್ಕ್ ಪುಡಿ. ಚೇಂಬರ್ ಅಂಚಿನ ಒಳಗಡೆ ಉದ್ದಕ್ಕೂ ಹಿಂಡಿ ಬಂದ ಪೇಸ್ಟಿನ ಎಳೆ, ಅಲ್ಲಲ್ಲಿ ಕಿತ್ತುಹೋದ ಗುರುತು. ಪೇಸ್ಟ್ ಹಚ್ಚಿ ಬೋಲ್ಟ್ ಬಿಗಿದಾಗ ಎಷ್ಟು ಹೊರಗೆ ಉಬ್ಬುತ್ತದೋ ಅಷ್ಟೇ ಒಳಗೂ ಉಬ್ಬುತ್ತದೆ. ಹೊರಗಿನದನ್ನು ಒರೆಸುತ್ತೇವೆ. ಒಳಗಿನದು ಬಿಸಿ ಎಣ್ಣೆಯಲ್ಲಿ ನೆನೆದು ಒಂದು ದಿನ ಕಳಚಿಕೊಳ್ಳುತ್ತದೆ.

ಹೀರುವ ಪೈಪಿನಲ್ಲಿ ಬಿರುಕು ಇರಲಿಲ್ಲ, ಜೋಡಣೆ ಬಿಗಿಯಾಗಿತ್ತು. ಸ್ಟ್ರೈನರನ್ನು ಸೀಮೆಎಣ್ಣೆಯಲ್ಲಿ ನೆನೆಸಿ ಬ್ರಶ್ ಹಾಕಿ, ಚೂರುಗಳನ್ನು ಒಂದೊಂದಾಗಿ ಚಿಮಟದಿಂದ ತೆಗೆದೆವು. ಬೆಳಕಿಗೆ ಹಿಡಿದು ಪ್ರತಿ ಕಣ್ಣೂ ತೆರೆದಿದೆ ಎಂದು ನೋಡಿದೆವು.

ಇಲ್ಲಿ ಇನ್ನೊಂದು ನಿರ್ಧಾರ ಬಂತು. ಸ್ಟ್ರೈನರ್ ಮಾತ್ರ ತೊಳೆದು ಮುಚ್ಚಿದರೆ ಯಾವುದರಿಂದ ಎಷ್ಟು ಫಲ ಬಂತು ಅನ್ನುವುದು ಸ್ಪಷ್ಟವಾಗಿ ಗೊತ್ತಾಗುತ್ತಿತ್ತು. ಅಳತೆಯ ದೃಷ್ಟಿಯಿಂದ ಅದೇ ಸರಿ. ಆದರೆ ಫೆಲ್ಟ್ ವಾಷರ್ ಇಲ್ಲದೆ ಓಡಿದ ಎಂಜಿನ್, ಬೇರಿಂಗುಗಳು ಕಣ್ಣೆದುರಿಗೇ ಇವೆ. ನೋಡದೆ ಮುಚ್ಚಲು ಮನಸ್ಸು ಒಪ್ಪಲಿಲ್ಲ. ಬಿಗ್ ಎಂಡ್ ಕ್ಯಾಪ್ ಒಂದೊಂದಾಗಿ ಬಿಚ್ಚಿ ಪ್ಲಾಸ್ಟಿಗೇಜ್ (ಒತ್ತಿದಾಗ ಎಷ್ಟು ಚಪ್ಪಟೆಯಾಯಿತು ಎಂಬುದರಿಂದ ಸಂದಿ ತಿಳಿಸುವ ಮೆತ್ತನೆಯ ಎಳೆ) ಇಟ್ಟು ಅಳೆದೆವು. ಈ ಎಂಜಿನ್‌ಗೆ ಬಿಗ್ ಎಂಡ್ ಸಂದಿ ಇಂಚಿನ ಸಾವಿರದಲ್ಲಿ 1ರಿಂದ 2.5 ಭಾಗ, ಅಂದರೆ ಲೇತ್‌ನವರ ಲೆಕ್ಕದಲ್ಲಿ 1ರಿಂದ 2.5 ಥೌ ಇರಬೇಕು. 1, 3, 4ನೇ ಸಿಲಿಂಡರಿನವು 2ರಿಂದ 2.5ರ ನಡುವೆ ಇದ್ದವು. 2ನೆಯದು 3.5. ಅದರ ಮೇಲಿನ ಶೆಲ್ಲಿನಲ್ಲಿ (ಬೇರಿಂಗಿನ ಅರ್ಧವೃತ್ತದ ಪಟ್ಟಿಯಲ್ಲಿ) ಗೀರುಗಳು, ಒಂದು ಕಡೆ ಒಳಗಿನ ತಾಮ್ರದ ಬಣ್ಣ ಇಣುಕುತ್ತಿತ್ತು.

ಕ್ರ್ಯಾಂಕ್ ಪಿನ್ನುಗಳನ್ನು ಮೈಕ್ರೊಮೀಟರ್‌ನಲ್ಲಿ ನಾಲ್ಕೂ ದಿಕ್ಕಿನಿಂದ ಅಳೆದೆವು. ಸ್ಟ್ಯಾಂಡರ್ಡ್ ಅಳತೆ ಸುಮಾರು 1.626 ಇಂಚು. ಕ್ರ್ಯಾಂಕ್ ಇನ್ನೂ ಅದೇ ಅಳತೆಯಲ್ಲಿತ್ತು. ಅಂಡಾಕಾರ ಅರ್ಧ ಥೌಗಿಂತ ಕಡಿಮೆ. ಉಗುರಿಗೆ ತಗಲುವ ಗೀರು ಇಲ್ಲ. ಗ್ರೈಂಡಿಂಗ್ ಕೊಡಲು ಕಾರಣವೇ ಇಲ್ಲ. ಗ್ರೈಂಡಿಂಗ್ ಅಂದರೆ ಕ್ರ್ಯಾಂಕಿನ ಆಯುಸ್ಸಿನಿಂದ ಒಂದು ಪಾಲು ಕಿತ್ತುಕೊಂಡ ಹಾಗೆ. 10 ಥೌ ಕಡಿಮೆ ಮಾಡಿದರೆ ಅದು ವಾಪಸ್ ಬರುವುದಿಲ್ಲ. ಇಂಥ ಹಳೆಯ ಕಾರಿನ ಕ್ರ್ಯಾಂಕನ್ನು ಅಗತ್ಯ ಇಲ್ಲದೆ ಕಲ್ಲಿಗೆ ಕೊಡುವುದು ನನಗೆ ಸಂಕಟದ ವಿಷಯ.

ನಾಲ್ಕಕ್ಕೂ ಸ್ಟ್ಯಾಂಡರ್ಡ್ ಅಳತೆಯ ಹೊಸ ಶೆಲ್ ತರಿಸಿದೆವು. ಅಂಬಾಸಡರ್, ಪದ್ಮಿನಿಯ ಸಾಮಾನಿಗೆ ಬೆಂಗಳೂರಿನ ಜೆ.ಸಿ. ರೋಡ್ ಸುತ್ತಿದರೆ ಏನಾದರೂ ಸಿಗುತ್ತದೆ. ಮೈನರ್ ಶೆಲ್ ಬ್ರಿಟನ್ನಿಂದ ಬರಬೇಕಾಯಿತು. ಹೊಸ ಲಾಕ್ ವಾಷರುಗಳ ಜೊತೆ ಬೋಲ್ಟುಗಳನ್ನು 35 ಪೌಂಡ್-ಅಡಿ ಟಾರ್ಕಿಗೆ ಬಿಗಿದೆವು. ಮೇನ್‌ಗಳಲ್ಲಿ ಎಂಜಿನ್ ಇಳಿಸದೆ ಕೆಳಗಿನಿಂದ ಸುಲಭವಾಗಿ ನೋಡಬಹುದಾದದ್ದು ನಡುವಿನದು. ಅದರ ಸಂದಿ 2 ಥೌ ಇತ್ತು, ಮುಟ್ಟಲಿಲ್ಲ.

ಚೇಂಬರ್ ಮುಚ್ಚುವಾಗ ಕಾರ್ಕ್ ಪಟ್ಟಿಗಳನ್ನು ಮೊದಲು ಎಣ್ಣೆಯಲ್ಲಿ ನೆನೆಸಿದೆವು. ಪ್ಯಾಕಿಂಗ್ ತುಂಡುಗಳು ಸೇರುವ ನಾಲ್ಕು ಮೂಲೆಗೆ ಮಾತ್ರ ಒಂದೊಂದು ಚುಕ್ಕಿ ಪೇಸ್ಟ್. ಬೇರೆಲ್ಲೂ ಇಲ್ಲ. ಪ್ಲಗ್ ಬಿಚ್ಚಿಟ್ಟು ಸ್ಟಾರ್ಟರ್‌ನಲ್ಲೇ ತಿರುಗಿಸಿ, ಗೇಜಿನಲ್ಲಿ ಪ್ರೆಶರ್ ಬಂದ ಮೇಲೆ ಎಂಜಿನ್ ಶುರು ಮಾಡಿದೆವು.

ಫಲಿತಾಂಶ, ಅದನ್ನು ಓದುವ ಬಗೆ

ಬಿಸಿ ಐಡ್ಲಿಂಗ್ 19. 2,000 ಸುತ್ತಿಗೆ 47. ಹೆದ್ದಾರಿಯಲ್ಲಿ 80 ಕಿ.ಮೀ. ಹಿಡಿದಾಗ 54, ಮುಳ್ಳು ಅಲುಗಾಡದೆ ನಿಂತಿತು.

ಸ್ಟ್ರೈನರ್, ಶೆಲ್ ಎರಡನ್ನೂ ಒಟ್ಟಿಗೆ ಮಾಡಿದ್ದರಿಂದ ಯಾವುದಕ್ಕೆ ಎಷ್ಟು ಪಾಲು ಎಂದು ಅಂಕಿಯಲ್ಲಿ ಹೇಳಲು ಬರುವುದಿಲ್ಲ. ಆದರೆ ಮುಳ್ಳಿನ ನಡತೆ ಸಾಕಷ್ಟು ಹೇಳುತ್ತದೆ. ವೇಗದಲ್ಲಿ ಪ್ರೆಶರ್ ಇಳಿಯುವುದು, ನಡುಗುವುದು ಪೂರ್ತಿ ಹೋಯಿತು. ಅದು ಸ್ಟ್ರೈನರಿನದು. ಐಡ್ಲಿಂಗ್‌ನಲ್ಲಿ ಪಂಪ್ ಕೇಳುವ ಎಣ್ಣೆ ಕಡಿಮೆ, ಅಲ್ಲಿ ಕಟ್ಟಿದ ಜಾಲರಿ ಅಷ್ಟು ಅಡ್ಡಿಯಾಗುವುದಿಲ್ಲ. ಹಾಗಾಗಿ 12 ಹೋಗಿ 19 ಆಗಿದ್ದರಲ್ಲಿ ಹೊಸ ಶೆಲ್ಲಿನ ಪಾಲು ದೊಡ್ಡದು ಎಂದು ನನ್ನ ಅಭಿಪ್ರಾಯ.

ಈ ಕಾರಿನಿಂದ ಬೇರೆಯವರು ತೆಗೆದುಕೊಳ್ಳಬಹುದಾದ ಮುಖ್ಯ ವಿಷಯ ನನ್ನ ಪ್ರಕಾರ ಇದು: ಬಿಸಿ ಐಡ್ಲಿಂಗ್‌ನ ಒಂದೇ ಅಂಕಿ ನೋಡಿ ತೀರ್ಮಾನಕ್ಕೆ ಬರಬಾರದು. ತಣ್ಣಗೆ, ಬಿಸಿಗೆ, ಐಡ್ಲಿಂಗ್‌ನಲ್ಲಿ, ಮಧ್ಯದ ಸುತ್ತಿನಲ್ಲಿ, ರಸ್ತೆಯ ವೇಗದಲ್ಲಿ ಬೇರೆ ಬೇರೆಯಾಗಿ ಬರೆದುಕೊಳ್ಳಬೇಕು. ಇಲ್ಲಿ 12 ಅನ್ನುವ ಅಂಕಿ ಮಾತ್ರ ನೋಡಿದ್ದರೆ ಪಂಪ್ ಅಥವಾ ಬೇರಿಂಗ್ ಅಂದುಕೊಂಡು ಎಂಜಿನ್ ಇಳಿಸುತ್ತಿದ್ದೆವು. ಹೊಸ ಪಂಪ್ ಹಾಕಿ, ಅದೇ ಕಟ್ಟಿದ ಸ್ಟ್ರೈನರನ್ನು ಮೇಲೆ ಮೇಲೆ ತೊಳೆದು ವಾಪಸ್ ಕೂರಿಸಿದ ಉದಾಹರಣೆಗಳೂ ಇವೆ.

ಇನ್ನೊಂದು ವಿಷಯ ಕಾರಣಗಳು ಕೂಡಿಕೊಳ್ಳುವ ರೀತಿ. ತೆಳು ಎಣ್ಣೆ, ಸೋರುವ ವಾಲ್ವ್, ಕಟ್ಟಿದ ಜಾಲರಿ, ಸವೆದ ಒಂದು ಶೆಲ್. ಒಂದೊಂದೇ ಇದ್ದಿದ್ದರೆ ಬಹುಶಃ ದೀಪ ಮಿನುಗುತ್ತಲೇ ಇರಲಿಲ್ಲ. ಇಷ್ಟು ವಯಸ್ಸಾದ ಎಂಜಿನ್‌ನಲ್ಲಿ ಒಬ್ಬನೇ ಅಪರಾಧಿ ಸಿಗುವುದು ಅಪರೂಪ. ಮೊದಲನೆಯದು ಸಿಕ್ಕ ಕೂಡಲೇ ಹುಡುಕಾಟ ನಿಲ್ಲಿಸಬಾರದು. ಮಾಲೀಕರಿಗೂ ಇದನ್ನು ಮೊದಲೇ ಹೇಳಿಡುವುದು ಒಳ್ಳೆಯದು. ಇಲ್ಲದಿದ್ದರೆ "ಎಣ್ಣೆ ಬದಲಿಸಿದ ಮೇಲೆ ದೀಪ ಆರಿತ್ತಲ್ಲಪ್ಪ, ಮತ್ತೆ ಯಾಕೆ ಬಿಚ್ಚಬೇಕು?" ಎಂದು ಕೇಳುತ್ತಾರೆ, ಕೇಳುವುದು ಸಹಜವೂ ಹೌದು. ಈ ಮಾಲೀಕರು ಕೇಳಿದರು. ಗೇಜ್ ತೋರಿಸಿ, 15 ಇರಬೇಕಾದ ಕಡೆ 9 ಇದೆ ಎಂದು ವಿವರಿಸಿದ ಮೇಲೆ ಒಪ್ಪಿದರು.

54 ಇನ್ನೂ 60 ಅಲ್ಲ. ಆ ಉಳಿದ ಕೊರತೆ ಪಂಪಿನದ್ದಿರಬಹುದು, ಬಿಚ್ಚದೆ ಬಿಟ್ಟ ಮೇನ್‌ಗಳದ್ದಿರಬಹುದು, ಕ್ಯಾಮ್‌ಶಾಫ್ಟಿನದ್ದೂ ಇರಬಹುದು. 948ರಲ್ಲಿ ಕ್ಯಾಮ್‌ಶಾಫ್ಟಿನ ಮುಂದಿನ ಬೇರಿಂಗಿಗೆ ಮಾತ್ರ ಬುಶ್ ಇದೆ. ನಡುವಿನದು, ಹಿಂದಿನದು ನೇರ ಬ್ಲಾಕಿನಲ್ಲೇ ತಿರುಗುತ್ತವೆ. ಅಲ್ಲಿ ಸವೆದರೆ ಸದ್ದಿಲ್ಲದೆ ಪ್ರೆಶರ್ ಸೋರುತ್ತದೆ, ಸರಿ ಮಾಡಲು ಬ್ಲಾಕನ್ನೇ ಬೋರ್ ಮಾಡಿ ಬುಶ್ ಕೂರಿಸಬೇಕು. 19 ಮತ್ತು 54 ಕೊಡುತ್ತಿರುವ ಎಂಜಿನ್‌ಗೆ ಆ ಕೆಲಸ ಬೇಡ ಎಂದು ಎಲ್ಲರೂ ಒಪ್ಪಿದೆವು.

ಸ್ವಿಚ್ಚಿನ ಜಾಗಕ್ಕೆ ಟಿ-ಜಾಯಿಂಟ್ ಹಾಕಿ ದೀಪದ ಜೊತೆ ಒಂದು ಗೇಜನ್ನೂ ಕಾಯಂ ಕೂರಿಸಿದ್ದೇವೆ. ಬೆಂಗಳೂರಿಗೆ ಬಂದು ಹೋದಾಗಲೆಲ್ಲ ಮಾಲೀಕರು ಬಿಸಿ ಐಡ್ಲಿಂಗ್ ಮತ್ತು 80 ಕಿ.ಮೀ. ವೇಗದ ಅಂಕಿಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದಾರೆ. ಅಂಕಿಗಳು ಕದಲಿಲ್ಲ. ಮುಂದಿನ ಆಯಿಲ್ ಚೇಂಜಿನಲ್ಲಿ ಹಳೆಯ ಎಲಿಮೆಂಟನ್ನು ಸೀಳಿ ನೋಡಿದೆವು. ಲೋಹದ ಹೊಳಪು ಇರಲಿಲ್ಲ, ಉಳಿದುಹೋಗಿದ್ದ ಸಿಲಿಕೋನಿನ ಒಂದೆರಡು ಚೂರು ಮಾತ್ರ ಸಿಕ್ಕಿತು. ಕ್ಲಚ್ ಈಗಾಗಲೇ ಸ್ವಲ್ಪ ಜಾರಲು ಶುರು ಮಾಡಿದೆ. ಅದಕ್ಕೆ ಎಂಜಿನ್ ಇಳಿಸುವ ದಿನ ಬಂದಾಗ ಪಂಪ್ ಬಿಚ್ಚಿ ಅಳೆಯಬೇಕು ಎಂದು ಅದೇ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದಿದ್ದೇವೆ: ಪಂಪಿನೊಳಗೆ ತಿರುಗುವ ಎರಡು ರೋಟರಿನ ಹಲ್ಲುಗಳ ನಡುವೆ 6 ಥೌ, ಹೊರಗಿನ ರೋಟರ್ ಮತ್ತು ಮೈ ನಡುವೆ 10 ಥೌ, ತುದಿಯ ಸಂದಿ 5 ಥೌ. ಇದರಲ್ಲಿ ಯಾವುದು ಮೀರಿದ್ದರೂ ಹೊಸ ಪಂಪ್.